ಬಿಸಿಯಲ್ಲಿ ಅಳೆದ ಪಟ್ಟಿ

ಜೂನ್ ೪

ಅಕ್ಕಾ,

ಭಾವ ಅವತ್ತು ಕುಡಿದಿರಲಿಲ್ಲ. ಇದು ನನಗೆ ಜನವರಿಯಿಂದಲೇ ಗೊತ್ತು. ಐದು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಫೋನಿನಲ್ಲಿ ಹೇಳೋಣವೆಂದು ಮೂರು ಸಲ ಪ್ರಯತ್ನಪಟ್ಟೆ. ನೀನು "ಊಟ ಆಯ್ತೇನೋ, ಈ ಕೆಲಸನಾದ್ರೂ ಇದೆಯಾ, ಬಿಟ್ಯಾ?" ಅಂದೆ. ನಾನು ನಕ್ಕು ಇಟ್ಟುಬಿಟ್ಟೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ, ನಾನೂ ಮಾತು ತಿರುಗಿಸಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಾಡುವ ಕೆಲಸವನ್ನು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಭಾವ ಸೀಲಿಂಗಿಗೆ ಬೋರ್ಡು ಕೂರಿಸುವಾಗ ಒಂದೊಂದೇ ಸ್ಕ್ರೂ ಹೆಕ್ಕಿ ತಿರುಪುತ್ತಾ ನಿಂತರೆ ದಿನಕ್ಕೆ ಒಂದು ಕೋಣೆಯೂ ಮುಗಿಯುವುದಿಲ್ಲ. ಆದ್ದರಿಂದ ಐವತ್ತು ಸ್ಕ್ರೂಗಳನ್ನು ಒಂದು ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಾಲಾಗಿ ಸಿಕ್ಕಿಸಿ ಸ್ಕ್ರೂ ಹೊಡೆಯುವ ಗನ್ನಿಗೆ ಕೊಡುತ್ತಾರೆ. ಒತ್ತಿದರೆ ಒಂದು ಸ್ಕ್ರೂ ತನ್ನ ಉಂಗುರವನ್ನು ಹರಿದುಕೊಂಡು ಬೋರ್ಡಿಗೆ ಇಳಿಯುತ್ತದೆ, ಪಟ್ಟಿ ಒಂದು ಹೆಜ್ಜೆ ಸರಿದು ಮುಂದಿನದು ಬಂದು ನಿಲ್ಲುತ್ತದೆ. ನಾವು ಮಾಡುವುದು ಆ ಪಟ್ಟಿ. ನೋಡಲು ಏನೂ ಅಲ್ಲ, ಕೆಲಸ ಮುಗಿದ ಮೇಲೆ ಕಸದ ಜೊತೆ ಗುಡಿಸಿ ಎಸೆಯುತ್ತಾರೆ. ಆದರೆ ಉಂಗುರ ಗಟ್ಟಿಯಾದರೆ ಅದೂ ಸ್ಕ್ರೂವಿನ ಜೊತೆಗೇ ಹೋಗಿ ತಲೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೆತ್ತಗಾದರೆ ಸ್ಕ್ರೂ ದಾರಿಯಲ್ಲೇ ತಲೆ ವಾಲಿಸುತ್ತದೆ. ಪಟ್ಟಿಯ ಅಂಚಿಗೆ ಸಣ್ಣ ಕಚ್ಚುಗಳಿರುತ್ತವೆ. ಗನ್ನಿನ ಚಕ್ರದ ಹಲ್ಲು ಆ ಕಚ್ಚುಗಳನ್ನು ಹಿಡಿದು ಎಳೆಯುತ್ತದೆ.

ಹೋದ ವರ್ಷ ನಮ್ಮ ಶೆಡ್ಡು ನಡೆಸುವ ಮೇಸ್ತ್ರಿಗಳು ನನಗೊಂದು ಹೊಸ ಪಟ್ಟಿ ಮಾಡಲು ಬಿಟ್ಟರು. ತಲೆಯ ಮೇಲೆ ಗನ್ ಎತ್ತಿ ಹಿಡಿದು ಕೆಲಸ ಮಾಡುವವರಿಗೆ, ಉದ್ದ ಸ್ಕ್ರೂಗಳಿಗೆ. ಹತ್ತನೇ ಕ್ಲಾಸಿನ ಮಧ್ಯದಲ್ಲಿ ಎದ್ದು ಬಂದವನು ನಾನು. ಆಮೇಲೆ ಐದು ಕಡೆ ಸೇರಿ ಐದು ಕಡೆಯೂ ಬಿಟ್ಟೆ. ಇದೊಂದನ್ನು ಮಾತ್ರ ಹನ್ನೊಂದು ತಿಂಗಳು ಬಿಡದೆ ಮಾಡಿದೆ. ಉಂಗುರಕ್ಕೆ ಎರಡು ಸೀಳು ಸಾಲದು, ಮೂರು ಬೇಕು ಅಂತ ಕಂಡುಹಿಡಿದವನು ನಾನೇ. ಯಾವ ತುದಿಯನ್ನು ಮೊದಲು ತೂರಿಸಬೇಕೆಂದು ಕತ್ತಲಲ್ಲೂ ಬೆರಳಿಗೆ ತಿಳಿಯಲಿ ಎಂದು ಒಂದು ತ್ರಿಕೋನದ ಗುರುತು ಮಾಡಿದೆ. ನಿಮ್ಮ ಮನೆಗೆ ಬಂದಾಗ ಭಾವನಿಗೆ ಅದನ್ನು ತೋರಿಸಿ ಕೊಚ್ಚಿಕೊಂಡಿದ್ದೆ. ನೆನಪಿದೆಯಾ? ನೀನು ಹೊಲಿಗೆ ಯಂತ್ರದಿಂದ ತಲೆ ಎತ್ತದೆ "ಇಬ್ಬರಿಗೂ ಬೇರೆ ಮಾತೇ ಇಲ್ವಾ" ಅಂದಿದ್ದೆ.

ಪ್ಲಾಸ್ಟಿಕ್ ಅಚ್ಚಿನಿಂದ ಬಿಸಿಯಾಗಿ ಬರುತ್ತದೆ. ತಣ್ಣಗಾಗುತ್ತಾ ಕುಗ್ಗುತ್ತದೆ. ಮುಟ್ಟಿದರೆ ತಣ್ಣಗಾಗಿದೆ ಅನ್ನಿಸಿದ ಮೇಲೂ ಒಳಗೊಳಗೇ ಕುಗ್ಗುತ್ತಿರುತ್ತದೆ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟಳೆ: ಹೊಸ ಪಟ್ಟಿಯನ್ನು ಒಂದು ಇಡೀ ದಿನ ಮೇಜಿನ ಮೇಲೆ ಮಲಗಿಸಿ, ಮರುದಿನವೇ ಅಳೆಯಬೇಕು. ಮೇಸ್ತ್ರಿಗಳು ಅದಕ್ಕೆ "ನಿದ್ದೆ ಮಾಡಿಸೋದು" ಅನ್ನುತ್ತಾರೆ. ಮೊದಲನೆಯ ಕಂತು ಬಂದ ಮಧ್ಯಾಹ್ನ, ಸಂಜೆಗೆ ಲಾರಿ ಹೊರಡುವುದಿತ್ತು. ನನ್ನ ಪಟ್ಟಿ ಅದರಲ್ಲಿ ಹೋಗಲೇಬೇಕು ಅನ್ನಿಸಿತು. ಎರಡು ಗಂಟೆಗೆಲ್ಲ ಅಳೆದೆ. ಅಳತೆ ಸರಿಯಾಗಿತ್ತು, ಕೂದಲೆಳೆ ಹೆಚ್ಚು ಕಡಿಮೆ ಇಲ್ಲ. ಪುಸ್ತಕದಲ್ಲಿ ಅಂಕಿ ಬರೆದು, ಪಟ್ಟಿ ಅಚ್ಚಿನಿಂದ ಇಳಿದದ್ದಕ್ಕೆ ಹಿಂದಿನ ದಿನದ ತಾರೀಖು ಹಾಕಿದೆ. ಎರಡು ದಿನ ಹೊರಗಿದ್ದು ಸಂಜೆ ಬಂದ ಮೇಸ್ತ್ರಿಗಳು ನಂಬಿ ಸಹಿ ಮಾಡಿದರು.

ಭಾವನ ಕೈಗೆ ಪೆಟ್ಟಾಯಿತೆಂದು ನೀನು ಫೋನ್ ಮಾಡಿದಾಗ ಒಂದು ಮಾತು ಹೇಳಿದೆ: "ಸ್ಕ್ರೂ ಅಡ್ಡ ನಿಂತಿತ್ತು, ಗನ್ ಜಾರ್ತು ಅಂತ ಏನೇನೋ ಹೇಳ್ತಾರೆ." ನಾನು ಹೋಗಿ ಆ ಕಂತಿನಿಂದ ನಮ್ಮಲ್ಲಿ ಉಳಿಸಿಕೊಂಡಿದ್ದ ಒಂದು ಪಟ್ಟಿಯನ್ನು ಅಳೆದೆ. ಐವತ್ತು ಸ್ಕ್ರೂವಿನ ಉದ್ದಕ್ಕೆ ಮೂರು ಮಿಲಿಮೀಟರ್ ಕಡಿಮೆ. ಚಕ್ರದ ಮೂರು ಹಲ್ಲು ಒಟ್ಟಿಗೆ ಪಟ್ಟಿಯನ್ನು ಹಿಡಿಯುತ್ತವೆ. ಕಚ್ಚುಗಳು ಹತ್ತಿರವಾದರೆ ಮೂರನೆಯ ಹಲ್ಲು ಒಳಗೆ ಇಳಿಯದೆ ಅಂಚನ್ನು ಹತ್ತುತ್ತದೆ, ಸ್ಕ್ರೂ ಪೂರ್ತಿ ಬಾರದೆ ವಾರೆಯಾಗಿ ನಿಲ್ಲುತ್ತದೆ. ಚಳಿಯಿದ್ದ ಬೆಳಗ್ಗೆ ಇನ್ನಷ್ಟು. ಮಧ್ಯಾಹ್ನ ಅವರ ಕಂಪನಿಯ ಸೂಪರ್‌ವೈಸರ್ ಅದೇ ಡಬ್ಬಿಯ ಪಟ್ಟಿ ಹಾಕಿ ನೋಡಿದಾಗ ಎಲ್ಲ ಸರಿಯಾಗಿ ಓಡಿತು ಅಂದೆಯಲ್ಲ, ಅದು ಬಿಸಿಲಿಗೆ ಬಿದ್ದು ಹಿಗ್ಗಿದ್ದ ಪಟ್ಟಿ. ಅದನ್ನು ನೋಡಿಯೇ ಅವನು "ಪಟ್ಟಿ ಸರಿ ಇದೆ, ಇವನೇ ಸರಿ ಇಲ್ಲ" ಅಂದದ್ದು. ನಾಲ್ಕು ವರ್ಷದ ಹಿಂದೆ ಬಿಟ್ಟ ಕುಡಿತವನ್ನು ಎಲ್ಲರೂ ಸೇರಿ ಅವರ ತಲೆಗೆ ಕಟ್ಟಿದ್ದು.

ಸುಳ್ಳು ಹೇಳದವನೆಂದು ನನಗೆ ನನ್ನ ಬಗ್ಗೆ ಜಂಬವಿತ್ತು. ಮೇಷ್ಟರ ಮುಖದ ಮೇಲೇ "ನೀವು ಕಲಿಸ್ತಿರೋದು ನಿಮಗೇ ಅರ್ಥವಾಗಿಲ್ಲ" ಅಂದು ಶಾಲೆ ಬಿಟ್ಟವನು. ಬರೆದ ಒಂದೇ ಸುಳ್ಳು ಒಂದು ತಾರೀಖು.

ನಿನ್ನ ತಮ್ಮ


ಜೂನ್ ೧೭

ತಮ್ಮಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೊದಲ ಸಾಲು ಓದಿ ಮಡಚಿ ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟೆ. ಉಳಿದದ್ದನ್ನು ಓದಿದ್ದು ನಾಲ್ಕನೆಯ ದಿನ.

ಹೊಸ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ಕತ್ತರಿ ಇಡಬಾರದು ಅಂತ ನಿನಗೆ ಎಂಟು ವರ್ಷವಿದ್ದಾಗಲೇ ಹೇಳಿಕೊಟ್ಟಿದ್ದೆ ಕಣೋ. ಪಕ್ಕದಲ್ಲಿ ಕೂತು ಗುಂಡಿ ಆರಿಸಿ ಕೊಡುತ್ತಿದ್ದೆಯಲ್ಲ. ಅಷ್ಟೂ ತಲೆಗೆ ಹೋಗಲಿಲ್ಲವಾ?

ತಪ್ಪು ಅಳತೆ ಯಾರಿಂದಲೂ ಆಗುತ್ತದೆ. ನಾನೂ ಎಷ್ಟೋ ಅಂಗಿ ಹಾಳು ಮಾಡಿದ್ದೇನೆ. ಐದು ತಿಂಗಳು ಅನ್ನುವುದನ್ನು ಮಾತ್ರ ನನಗೆ ನುಂಗಲಾಗುತ್ತಿಲ್ಲ. ನಿನ್ನ ಭಾವ ಮನೆ ಬಿಟ್ಟದ್ದು ಮಾರ್ಚಿನಲ್ಲಿ. ಜನವರಿಯಲ್ಲೇ ನೀನು ಬಾಯಿ ಬಿಟ್ಟಿದ್ದರೆ ಹೋಗುತ್ತಿರಲಿಲ್ಲ. ಹೋಗುತ್ತಿರಲಿಲ್ಲ ಅಂದರೆ, ನಾನು ಕಳಿಸುತ್ತಿರಲಿಲ್ಲ. ಅವರೇನೂ ಜಗಳ ಮಾಡಲಿಲ್ಲ. ಒಂದೇ ಕೈಯಲ್ಲಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು, ನಾನು ಬಾಗಿಲು ತೆಗೆದು ಹಿಡಿದು ನಿಂತಿದ್ದೆ. ಜಿಪ್ ಹಾಕಲು ಬರಲಿಲ್ಲ. ನಾನು ಹಾಕಿಕೊಡಲಿಲ್ಲ.

ಬೋರ್ಡು ಬಿದ್ದು ಹೆಗಲು ಮುರಿದುಕೊಂಡನಲ್ಲ, ಅವರ ಜೋಡಿಯವನು, ಅವನಿಗೆ ಇನ್ನೂ ಕೈ ಎತ್ತಲು ಬರುವುದಿಲ್ಲವಂತೆ. ಅವನ ಹೆಂಡತಿ ಅಂಗಡಿಯಲ್ಲಿ ಎದುರಾದಾಗ "ನಿಮ್ಮ ಯಜಮಾನರ ಬಾಟ್ಲಿ ನಮ್ಮನೆ ಅನ್ನ ತಿಂತು" ಅಂದಳು. ನಾನು ತಲೆ ತಗ್ಗಿಸಿ ಬಂದೆ. ಅವಳು ಹೇಳಿದ್ದು ನಿಜವೆಂದೇ ನಂಬಿದ್ದೆ.

ಅವರೀಗ ಒಂದು ಗೋದಾಮಿನ ಗೇಟು ಕಾಯುತ್ತಿದ್ದಾರಂತೆ, ಇಲ್ಲಿಂದ ಎರಡು ಗಂಟೆ ದಾರಿ. ಸೀಲಿಂಗ್ ಕೆಲಸಕ್ಕೆ ಯಾರೂ ಕರೆಯುವುದಿಲ್ಲ, ಕಂಪನಿ ಹೆಸರು ಹೊಡೆದುಹಾಕಿದೆ. ವಿಳಾಸ ಕೆಳಗೆ ಬರೆದಿದ್ದೇನೆ. ನೀನೇ ಬರೆ. ನನಗೆ ಕೈ ಬರುತ್ತಿಲ್ಲ. ಆಮೇಲೆ ಕಂಪನಿಯ ಆಫೀಸಿಗೆ ಹೋಗಿ ನಿನ್ನ ಬಾಯಿಂದಲೇ ಹೇಳು. ಹೇಳುವವರೆಗೆ ಈ ಮನೆಗೆ ಬರಬೇಡ.

ಅಕ್ಕ


ಜೂನ್ ೨೯

ಅಕ್ಕಾ,

ಮೇಸ್ತ್ರಿಗಳಿಗೆ ಹೇಳಿದೆ. ಬೆಳಗ್ಗೆ ಅಚ್ಚು ಒರೆಸುತ್ತಾ ನಿಂತಿದ್ದರು. ಹೇಳಿ ಮುಗಿಸುವವರೆಗೂ ಒರೆಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಮೊಳೆಗೆ ನೇತುಹಾಕಿದ್ದ ಆ ಪಟ್ಟಿಯನ್ನು ಇಳಿಸಿ, ಕನ್ನಡಕ ಹಾಕಿಕೊಂಡು ತಾವೇ ಅಳೆದರು. ಇನ್ನೊಂದು ಸಲ ಅಳೆದರು. ಪುಸ್ತಕ ತೆಗೆದು ಆ ಪುಟದ ಮೇಲೆ ಬೆರಳಿಟ್ಟರು. ಯಂತ್ರ ತನ್ನ ಪಾಡಿಗೆ ಬಾಯಿ ತೆರೆದು ಮುಚ್ಚುತ್ತಿತ್ತು.

"ಅವಸರದ ಆಸಾಮಿ," ಅಂದರು. ಅದು ಅವರು ನನಗಿಟ್ಟ ಹೆಸರು. ದಿನಕ್ಕೆ ಹತ್ತು ಸಲ ಕರೆಯುತ್ತಾರೆ. ಅವತ್ತು ಅದರಲ್ಲಿ ನಗುವಿರಲಿಲ್ಲ.

"ನೀವು ನನ್ನ ಹೊರಗೆ ಹಾಕಿದ್ರೂ ಸರಿ," ಅಂದೆ.

"ನಿನ್ನ ಅಂಕಿ ಕೆಳಗೆ ನನ್ನ ಸಹಿ ಇದೆ ಕಣಯ್ಯಾ. ನನ್ನನ್ನ ಯಾರು ಹೊರಗೆ ಹಾಕ್ಬೇಕು? ಇದು ನನ್ನದೇ ಶೆಡ್ಡು."

ಊಟದ ಹೊತ್ತಿಗೆ ಡಬ್ಬಿ ಮುಚ್ಚಳ ತೆಗೆದವರು ಹಾಗೇ ಮುಚ್ಚಿಟ್ಟು, "ಆ ಕಂತಿನ ಡಬ್ಬಿ ಎಷ್ಟು ಹೊರಗಿದೆ?" ಅಂತ ಕೇಳಿದರು. ನೂರಿಪ್ಪತ್ತು ಹೋಗಿದ್ದವು. ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ, ಅಕ್ಕಾ. ನಾನು ಭಾವನೊಬ್ಬನನ್ನೇ ಯೋಚಿಸುತ್ತಿದ್ದೆ. ಇನ್ನೂ ಯಾರೋ ಎಲ್ಲೋ ಚಳಿ ಬೆಳಗ್ಗೆ ಅದನ್ನು ಗನ್ನಿಗೆ ಹಾಕಿ ತಲೆಯ ಮೇಲೆ ಎತ್ತುತ್ತಿರಬಹುದು ಅನ್ನುವುದನ್ನು ಅವರು ಊಟ ಬಿಟ್ಟು ಯೋಚಿಸಿದ್ದರು.

ಒಂದು ತಿಂಗಳು ಕೇಳಿದ್ದಾರೆ. ಅಷ್ಟರಲ್ಲಿ ಅಂಗಡಿ ಅಂಗಡಿಗೆ ಹೋಗಿ ಸಿಕ್ಕಷ್ಟು ಡಬ್ಬಿ ವಾಪಸು ತರಿಸುತ್ತಾರೆ. "ಮೊದ್ಲು ಅದು ಆಗ್ಲಿ. ಆಮೇಲೆ ನೀನು ಎಲ್ಲಿಗೆ ಬೇಕಾದ್ರೂ ಹೋಗಿ ಏನು ಬೇಕಾದ್ರೂ ಹೇಳು. ನಾನು ಬೇಡ ಅನ್ನಲ್ಲ." ನಾನು ಹೂಂ ಅಂದೆ. ಒಪ್ಪಿಕೊಂಡಾಗ ಎದೆ ಹಗುರವಾಯಿತು. ಡಬ್ಬಿಗಳು ವಾಪಸು ಬರುತ್ತವೆ ಅಂತ ಅಲ್ಲ, ಇನ್ನೊಂದು ತಿಂಗಳು ಆಫೀಸಿಗೆ ಹೋಗಬೇಕಾಗಿಲ್ಲ ಅಂತ. ನಿನಗೆ ಗೊತ್ತಿರಲಿ ಎಂದು ಬರೆದೆ.

ಭಾವನಿಗೆ ಕಾಗದ ಹಾಕಿದ್ದೇನೆ. ಏಳು ಸಲ ಬರೆದು ಹರಿದೆ. ಎಂಟನೆಯದು ಅರ್ಧ ಪುಟವಾಯಿತು.

ನಿನ್ನ ತಮ್ಮ


ಜುಲೈ ೨೦

ಅರ್ಧ ಎಂಜಿನಿಯರ್ ಸಾಹೇಬರಿಗೆ,

ಕಾಗದ ತಲುಪಿತು. ಗೋದಾಮಿಗೆ ಬರುವ ಕಾಗದಗಳನ್ನೆಲ್ಲ ನಾನೇ ಇಸಿದುಕೊಂಡು ಒಳಗೆ ಕೊಡುವುದು. ನನ್ನ ಹೆಸರಿಗೆ ಬಂದದ್ದು ಇದೇ ಮೊದಲು.

ನೀನು ಬರೆದದ್ದು ನನಗೆ ಹೊಸ ಸುದ್ದಿಯಲ್ಲ. ಆಸ್ಪತ್ರೆಯಲ್ಲಿ ನನ್ನ ಅಂಗಿ ಜೇಬಿನಲ್ಲಿ ಆ ಪಟ್ಟಿಯ ತುಂಡೊಂದು ಇತ್ತು. ತುದಿಯಲ್ಲಿ ನಿನ್ನ ತ್ರಿಕೋನ. ಮಂಚದ ಮೇಲೆ ಕೂತು ಉಗುರಿನಲ್ಲಿ ಕಚ್ಚುಗಳನ್ನು ಎಣಿಸಿದೆ. ಹದಿನೈದು ವರ್ಷ ಇದೇ ಕೆಲಸ ಮಾಡಿದವನಿಗೆ ಹಳೆಯ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯುವುದಿಲ್ಲವೇನೋ? ಸ್ಕ್ರೂ ವಾರೆಯಾಗಿ ನಿಂತಿತ್ತು, ನಾನು ನೋಡದೆ ಒತ್ತಿದೆ, ಗನ್ ಜಾರಿ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಕೈ ಬಿಟ್ಟೆ. ಬೋರ್ಡು ಬಿತ್ತು. ಕೆಳಗೆ ಅವನಿದ್ದ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ನಿನ್ನ ಹೆಸರು ಹೇಳಿದ್ದರೆ ನೀನು ಆ ಕೆಲಸವನ್ನೂ ಬಿಟ್ಟು ಓಡುತ್ತಿದ್ದೆ. ನೀನು ಎಲ್ಲೂ ನಿಂತವನಲ್ಲ, ಅಲ್ಲೊಂದು ಕಡೆ ನಿಂತಿದ್ದೆ. ಮೊದಲು ಇದೇ ಕಾರಣ ಅಂದುಕೊಂಡಿದ್ದೆ. ಇಲ್ಲಿ ಗೇಟಿನಲ್ಲಿ ಕೂತು ಯೋಚಿಸಲು ಬೇಕಾದಷ್ಟು ಹೊತ್ತಿದೆ. ಅದೊಂದೇ ಅಲ್ಲ ಅಂತ ಈಗ ಗೊತ್ತಾಗಿದೆ.

ನಿನ್ನಕ್ಕ ಆಸ್ಪತ್ರೆಗೆ ಓಡಿ ಬಂದಳಲ್ಲ, ನನ್ನ ಕೈ ನೋಡುವ ಮೊದಲು ಬಗ್ಗಿ ನನ್ನ ಬಾಯಿ ಮೂಸಿದಳು. ಆಮೇಲೆ ನನಗೆ ಏನೂ ಹೇಳಬೇಕು ಅನ್ನಿಸಲಿಲ್ಲ. ಇದನ್ನು ಅವಳಿಗೆ ಬರೆಯಬೇಡ ಅಂತ ಹೇಳುವುದಿಲ್ಲ. ಬರೆದೇ ಬರೆಯುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು.

ಆಫೀಸಿಗೆ ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ನನ್ನ ಹೆಸರನ್ನು ಅವರು ಮತ್ತೆ ಬರೆದುಕೊಂಡರೂ ಈ ಹೆಬ್ಬೆರಳು ಬೋರ್ಡು ಹಿಡಿಯುವುದಿಲ್ಲ. ಹೋಗುವುದೇ ಆದರೆ ಮೊದಲು ನನ್ನ ಜೋಡಿಯವನ ಮನೆಗೆ ಹೋಗು. ಹನ್ನೆರಡು ವರ್ಷ ಒಂದೇ ಬೋರ್ಡಿನ ಆ ತುದಿ ಈ ತುದಿ ಹಿಡಿದವರು ನಾವು. ನಾನು ಕುಡಿದು ಅವನ ಮೇಲೆ ಬೋರ್ಡು ಬೀಳಿಸಿದೆ ಅಂತ ಅವನು ನಂಬಿ ಕೂತಿದ್ದಾನೆ. ಆಫೀಸಿನಲ್ಲಿ ಕುರ್ಚಿ ಕೊಟ್ಟು ಕೂರಿಸಿ ಕೇಳುತ್ತಾರೆ. ಅವನ ಮನೆ ಬಾಗಿಲಲ್ಲಿ ನಿಂತು ಹೇಳು.

ಭಾವ


ಆಗಸ್ಟ್ ೧೦

ತಮ್ಮಾ,

ನಿನ್ನ ಕಾಗದವೂ ಅದರೊಳಗಿದ್ದ ಅವರ ಕಾಗದವೂ ಬಂದವು. ನೀನು ಅದನ್ನು ಹಾಗೇ ಕಳಿಸಿದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಗೊತ್ತಿಲ್ಲ.

ಮೂಸಿದ್ದು ನಿಜ. ವಾಸನೆ ಬಂದದ್ದೂ ನಿಜ. ಗಾಯ ತೊಳೆದ ಸ್ಪಿರಿಟ್ಟಿನದು ಅಂತ ಈಗ ಅನ್ನಿಸುತ್ತಿದೆ. ಆಗ ಅನ್ನಿಸಲಿಲ್ಲ.

ಮೊನ್ನೆ ಭಾನುವಾರ ಹೋಗಿದ್ದೆ. ದೊಡ್ಡ ಕಬ್ಬಿಣದ ಗೇಟು, ಅದರೊಳಗೊಂದು ಚಿಕ್ಕ ಬಾಗಿಲು. ತೆಗೆದರು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. "ಯಾರು ಬಂದ್ರೂ ಪುಸ್ತಕದಲ್ಲಿ ಬರೀಬೇಕು, ಇಲ್ಲಾಂದ್ರೆ ನನ್ನನ್ನ ಬೈತಾರೆ," ಅಂದರು. ಹೆಸರು ಬರೆದೆ, ಹೊತ್ತು ಬರೆದೆ.

"ಯಾರನ್ನ ನೋಡ್ಬೇಕು ಅನ್ನೋ ಕಡೆ ಏನು ಬರೀಲಿ?"

"ಕಾವಲುಗಾರ ಅಂತ ಬರಿ."

ಯಾಕೆ ಬಂದದ್ದು ಅನ್ನುವ ಕಡೆ ನಾನು ಏನೂ ಬರೆಯಲಿಲ್ಲ.

ಒಳಗೆ ಒಂದು ಬೆಂಚು, ಒಂದು ಸ್ಟವ್. ಚಹಾ ಮಾಡಿಕೊಟ್ಟರು. ಸಕ್ಕರೆ ಡಬ್ಬಿಯನ್ನು ಮಂಡಿಯ ಮಧ್ಯೆ ಸಿಕ್ಕಿಸಿಕೊಂಡು ಮುಚ್ಚಳ ತೆಗೆಯುತ್ತಾರೆ. ನಾನು ತೆಗೆದುಕೊಡಲು ಹೋದೆ, "ಅಭ್ಯಾಸ ಆಗಿದೆ ಬಿಡು," ಅಂದರು. ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅಲ್ಲಿ ಬಾಯಿಗೆ ಬಂದದ್ದು "ಚಹಾಗೆ ಸಕ್ಕರೆ ಜಾಸ್ತಿ ಆಯ್ತು" ಅಂತ. ಅವರು ಸ್ವಲ್ಪ ನಕ್ಕರು. ಅಷ್ಟೇ.

ಲಾರಿ ಬಂತು, ಎದ್ದು ಗೇಟು ತೆಗೆಯಲು ಹೋದರು. ಕೈಯಲ್ಲಲ್ಲ, ಹೆಗಲು ಕೊಟ್ಟು ನೂಕುತ್ತಾರೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಮನೆಗೆ ಬನ್ನಿ ಅಂತ ನಾನು ಕರೆಯಲಿಲ್ಲ. ಕರೆದಿದ್ದರೆ ಬರುವುದಿಲ್ಲ ಅನ್ನುತ್ತಿದ್ದರು. ಆ ಮಾತನ್ನು ಕೇಳಿಸಿಕೊಂಡು ಎರಡು ಗಂಟೆ ಬಸ್ಸಿನಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಅಂಗಿಯ ಗುಂಡಿ ಹಾಕಲು ಬರುವುದಿಲ್ಲವೆಂದು ಗುಂಡಿಮನೆಗಳನ್ನು ಬ್ಲೇಡಿನಲ್ಲಿ ಕೊಯ್ದು ದೊಡ್ಡದು ಮಾಡಿಕೊಂಡಿದ್ದಾರೆ. ನನ್ನ ಗಂಡ. ನನಗೆ ಅದನ್ನು ನೋಡಲಾಗಲಿಲ್ಲ. ಹಗ್ಗದ ಮೇಲಿದ್ದ ಒಂದು ಅಂಗಿ ತಂದಿದ್ದೇನೆ, ಒತ್ತಿದರೆ ಕೂರುವ ಟಿಚ್ ಬಟನ್ ಹಾಕಲು. ಬೇರೇನೂ ತಂದಿಲ್ಲ.

ನಿನ್ನ ಮೇಸ್ತ್ರಿಯ ಒಂದು ತಿಂಗಳು ಮುಗಿದು ಹತ್ತು ದಿನದ ಮೇಲಾಗಿದೆ.

ಅಕ್ಕ


ಸೆಪ್ಟೆಂಬರ್ ೧

ಅಕ್ಕಾ,

ತಡ ಮಾಡಿದ್ದು ಮೇಸ್ತ್ರಿಗಳಲ್ಲ, ನಾನು. ಅವರು ಹೇಳಿದ ದಿನಕ್ಕೆ ಸರಿಯಾಗಿ ಮುಗಿಸಿದರು. ನೂರಿಪ್ಪತ್ತರಲ್ಲಿ ಎಪ್ಪತ್ತೊಂದು ಡಬ್ಬಿ ವಾಪಸು ಬಂದವು. ಉಳಿದವನ್ನು ಆಗಲೇ ಎಲ್ಲೆಲ್ಲೋ ಸೀಲಿಂಗಿಗೆ ಹೊಡೆದಾಗಿದೆ. ಬೇರೆ ಯಾರಿಗಾದರೂ ಪೆಟ್ಟಾಯಿತೇ ಅಂತ ಅಂಗಡಿಯವರನ್ನು ಕೇಳಿದೆವು. ಗೊತ್ತಿಲ್ಲ ಅಂದರು. ಗೊತ್ತಿಲ್ಲ ಅನ್ನುವುದು ಇಲ್ಲ ಅಂದ ಹಾಗಲ್ಲ.

ಎರಡು ದಿನ ಕೂತು ಒಂದೊಂದೇ ಪಟ್ಟಿಯಿಂದ ಸ್ಕ್ರೂ ಬಿಡಿಸಿದೆವು. ಸ್ಕ್ರೂ ಒಂದು ಬಕೆಟ್ಟಿಗೆ, ಪಟ್ಟಿ ಪುಡಿ ಮಾಡುವ ಯಂತ್ರಕ್ಕೆ. ಹನ್ನೊಂದು ತಿಂಗಳ ನನ್ನ ಕೆಲಸ ಅರ್ಧ ಚೀಲ ಬೂದು ಕಾಳಾಯಿತು. ನನ್ನ ಅಚ್ಚನ್ನು ಮೇಸ್ತ್ರಿಗಳು ಎಣ್ಣೆ ಹಚ್ಚಿ ಕಪಾಟಿನ ಕೆಳಗಿನ ಖಾನೆಗೆ ತಳ್ಳಿದರು. "ಅಳತೆ ತಿದ್ದಿದ್ರೆ ಒಳ್ಳೆ ಪಟ್ಟಿನೇ ಇದು," ಅಂದರು. "ಯಾರು ತಗೋತಾರೆ ಇನ್ನು?"

ಆಮೇಲೆ ಭಾವನ ಕಂಪನಿಗೆ ಬರೆದೆ. ಉತ್ತರ ಬಂತು. ನಾಡಿದ್ದು ಹತ್ತು ಗಂಟೆಗೆ ಬರಲು ಹೇಳಿದ್ದಾರೆ, ಹೇಳಿಕೆ ಬರೆಸಿಕೊಳ್ಳುತ್ತಾರಂತೆ. ಉತ್ತರದ ಜೊತೆಯಲ್ಲೇ ನಮ್ಮ ಆರ್ಡರ್ ನಿಲ್ಲಿಸಿದ ಕಾಗದವೂ ಇತ್ತು. ಎರಡರಲ್ಲಿ ಒಂದು ಯಂತ್ರ ನಿಂತಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಇಬ್ಬರನ್ನು ಮೇಸ್ತ್ರಿಗಳು ಮನೆಗೆ ಕಳಿಸಬೇಕಾಯಿತು. ಒಬ್ಬ ಹೋಗುವಾಗ ನನ್ನ ಹತ್ತಿರ ಬಂದು, "ನಿಮ್ಮ ಭಾವನ ಕೆಲಸ ಉಳಿಸೋಕೆ ನಮ್ಮದು ತೆಗೆದೆ, ಅಲ್ವಾ?" ಅಂದ. ಭಾವನ ಕೆಲಸವೂ ಉಳಿಯುವುದಿಲ್ಲ ಅಂತ ಅವನಿಗೆ ಹೇಳಲಿಲ್ಲ. ಹೇಳಿದರೆ ಅವನಿಗೆ ಇನ್ನೂ ಸಿಟ್ಟು ಬರುತ್ತಿತ್ತು.

ಪುಸ್ತಕದ ಆ ಪುಟವನ್ನು ಹರಿದುಕೊಂಡು ಹೋಗಲೇ ಅಂತ ಮೇಸ್ತ್ರಿಗಳನ್ನು ಕೇಳಿದೆ, ಅವರ ಸಹಿ ಇರುವ ಉಳಿದ ಪುಟಗಳು ಯಾರ ಕಣ್ಣಿಗೂ ಬೀಳದಿರಲಿ ಎಂದು.

"ಹರಿದ ಹಾಳೇನ ಯಾರು ನಂಬ್ತಾರೆ? ಇಡೀ ಪುಸ್ತಕ ತಗೊಂಡು ಹೋಗು."

"ನಿಮ್ಮನ್ನೂ ಕರೀತಾರೆ."

"ಕರೀಲಿ. ನಾನೂ ಅಳೀಬೇಕಿತ್ತು. ನೀನು ಹುಡುಗ, ಅವಸರ ಮಾಡ್ದೆ. ನನಗೇನಾಗಿತ್ತು?" ಅಂದವರು, "ಮುಗಿದ ಮೇಲೆ ಪುಸ್ತಕ ಅಂಚೆಯಲ್ಲಿ ಕಳಿಸು. ನೀನು ಬರ್ಬೇಡ," ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಅಳೆಯುತ್ತಿದ್ದ ವರ್ನಿಯರನ್ನು ಒರೆಸಿ ಅದರ ಪೆಟ್ಟಿಗೆಯಲ್ಲಿಟ್ಟು ಅವರ ಮೇಜಿನ ಮೇಲೆ ಇಟ್ಟು ಬಂದೆ.

ಜೋಡಿಯವನ ಮನೆಗೆ ನಾಳೆ ಸಂಜೆಗೆ ತಲುಪುತ್ತೇನೆ. ಆಫೀಸು ಮರುದಿನ. ಅವನ ಹೆಂಡತಿ ಬಾಗಿಲು ತೆಗೆದರೆ ಏನು ಹೇಳಬೇಕೆಂದು ಬರೆದಿಟ್ಟುಕೊಳ್ಳಲು ಹೋದೆ. ಎಲ್ಲ ಸಾಲೂ "ನಾನು ಬೇಕೆಂದು ಮಾಡಿದ್ದಲ್ಲ" ಎಂಬಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಅದು ಅವಳಿಗೆ ಬೇಕಾದ ಮಾತಲ್ಲ. ಪಟ್ಟಿ ಮಾಡಿದವನು ನಾನು, ಒಂದು ದಿನ ಕಾಯಬೇಕಿತ್ತು, ಕಾಯಲಿಲ್ಲ, ಕಾದೆ ಅಂತ ಬರೆದೆ. ಇಷ್ಟೇ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಬಾಗಿಲು ಹಾಕಿಕೊಂಡರೆ ಮತ್ತೆ ತಟ್ಟುತ್ತೇನೆ, ಯಾಕೆಂದರೆ ಹೇಳಬೇಕಾದದ್ದು ಒಳಗಿರುವವನಿಗೆ.

ಅದಾದ ಮೇಲೆ ಎಲ್ಲಿಗೆ ಅಂತ ಗೊತ್ತಿಲ್ಲ. ನಿನ್ನ ಮನೆಗೆ ಬರಬಹುದೇ ಅಂತ ಈ ಕಾಗದದಲ್ಲಿ ಕೇಳುವುದಿಲ್ಲ. ಕೇಳಿದರೆ ಅದಕ್ಕಾಗಿ ಹೋದ ಹಾಗಾಗುತ್ತದೆ.

ಕೋಣೆ ಖಾಲಿ ಮಾಡಿದ್ದೇನೆ. ನಾಳೆ ಬೆಳಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.

ತಮ್ಮ